ಸ್ಟಿಯರಿಂಗ್ ಬೀಗ ಕಲಿಸಿದ ಪಾಠ

ಕಾರಿನ ಬಾಗಿಲಿಗೆ ಬೀಗ ಹಾಕಿದರಷ್ಟೇ ಸಾಲದು. ಗಾಜು ಒಡೆದು ಒಳಹೊಕ್ಕ ಕಳ್ಳ, ತಂತಿಗಳನ್ನು ಜೋಡಿಸಿ ಎಂಜಿನ್ ಚಾಲೂ ಮಾಡಬಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ಸ್ಟಿಯರಿಂಗ್ ಬೀಗ. ಕೀಲಿಕೈ ತೆಗೆದು ಸ್ಟಿಯರಿಂಗ್ ತುಸು ತಿರುಗಿಸಿದರೆ ಉಕ್ಕಿನ ಅಗುಳಿಯೊಂದು ಅದರ ದಂಡವನ್ನು ಹಿಡಿದು ನಿಲ್ಲಿಸುತ್ತದೆ. ಎಂಜಿನ್ ಓಡಿದರೂ ಕಾರನ್ನು ತಿರುಗಿಸಲಾಗದು.

ಪಶ್ಚಿಮ ಜರ್ಮನಿ 1963ರಲ್ಲಿ ಹಳೆಯದು, ಹೊಸದು ಎನ್ನದೆ ಎಲ್ಲ ಕಾರುಗಳಿಗೂ ಇದನ್ನು ಕಡ್ಡಾಯಗೊಳಿಸಿತು. ಅಲ್ಲಿ ಕಾರು ಕಳವು ಗಣನೀಯವಾಗಿ ಇಳಿಯಿತು.

ಬ್ರಿಟನ್ 1971ರಿಂದ ಹೊಸ ಕಾರುಗಳಿಗಷ್ಟೇ ಈ ನಿಯಮ ತಂದಿತು. ಹೊಸ ಕಾರುಗಳೇನೋ ಸುರಕ್ಷಿತವಾದವು. ಆದರೆ ಕಳ್ಳರು ಬೀಗವಿಲ್ಲದ ಹಳೆಯ ಕಾರುಗಳತ್ತ ಹೊರಳಿದರು. ಹೊಸದನ್ನು ಕೊಳ್ಳಲಾಗದವರೇ ನಷ್ಟ ಅನುಭವಿಸಿದರು.

ಒಬ್ಬರ ಬೀಗ ಕಳ್ಳನನ್ನು ಪಕ್ಕದವರ ಕಾರಿನತ್ತ ಕಳಿಸಬಹುದು. ಎಲ್ಲರ ಕಾರಿಗೂ ಬೀಗ ಬಿದ್ದರಷ್ಟೇ ಕಳ್ಳತನ ಸೊರಗುತ್ತದೆ.