ಬರ ಕಂಡವರ ಭಕ್ತಿ

ಸವಣೂರಿನ ಇತಿಹಾಸವೆಂದರೆ ನವಾಬರು, ಅರಮನೆ, ದೊಡ್ಡಹುಣಸೆ ಮರಗಳು ಎಂದಷ್ಟೇ ನಾವು ಓದುತ್ತೇವೆ. ಈ ಸೀಮೆಯ ಹಸಿವಿಗೂ ಒಂದು ಇತಿಹಾಸವಿದೆ. 1791-92ರ ಬರಕ್ಕೆ ಜನ ಡೋಗಿ ಬರ, ಅಂದರೆ ತಲೆಬುರುಡೆಗಳ ಬರ ಎಂದು ಹೆಸರಿಟ್ಟರು. ಸತ್ತವರನ್ನು ಮಣ್ಣು ಮಾಡುವವರೂ ಉಳಿದಿರಲಿಲ್ಲ.

1876ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. 1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯಲ್ಲಿ ಸುಮಾರು 9.88 ಲಕ್ಷ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 8.83 ಲಕ್ಷ. ಇತ್ತ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಬರ ಕಾಮಗಾರಿಯ ಕೂಲಿಯವನಿಗೆ ದಿನಕ್ಕೆ 1 ಪೌಂಡ್ ಧಾನ್ಯ ಸಾಕೆಂದು ಲೆಕ್ಕ ಹಾಕುತ್ತಿದ್ದರು. ಅರ್ಧ ಕಿಲೋಗಿಂತಲೂ ಕಡಿಮೆ, ಅದೂ ಕಲ್ಲು ಒಡೆಯುವವನಿಗೆ!

ಇಂಥ ಬರದಿಂದ ಬದುಕುಳಿದವರ ಮನಸ್ಸಿನಲ್ಲಿ ಏನಾಯಿತು? ವಿಪತ್ತು ಮನುಷ್ಯನನ್ನು ದೇವರ ಕಡೆಗೆ ತಿರುಗಿಸುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸತ್ತ ಲಕ್ಷ ಜನರ ಮುಂದೆ ನಿಂತು ಈ ಮಾತು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಬರ ಪಾಠ ಕಲಿಸಲು ಬರುವುದಿಲ್ಲ; ಉಳಿದವರಲ್ಲಿ ಕೆಲವರು ಕಲಿಯುತ್ತಾರೆ, ಅಷ್ಟೇ.

ನಮ್ಮ ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರನ್ನೇ ನೋಡಿರಿ. 1819ರಲ್ಲಿ ಹುಟ್ಟಿದ ಅವರಿಗೆ ಆ ಬರ ಬಂದಾಗ ಐವತ್ತೇಳರ ವಯಸ್ಸು. ಮುಂದೆ 1889ರವರೆಗೆ ಬದುಕಿದರು. ದೇಹವನ್ನು ಸೋರುವ ಮನೆಗೆ ಹೋಲಿಸಿದ ಅವರ ಪದವನ್ನು ನಾವು ಸಮಾರಂಭಗಳಲ್ಲಿ ಹಾರ್ಮೋನಿಯಂ ಹಚ್ಚಿ ಹಾಡಿಸುತ್ತೇವೆ. ಕಣ್ಣೆದುರು ಊರೂರು ಬರಿದಾದ ಕಾಲದ ಮನುಷ್ಯ ಅವರು ಎಂಬುದು ಮಾತ್ರ ನೆನಪಿರುವುದಿಲ್ಲ. ಗುರು ಕಳಸದ ಗೋವಿಂದ ಭಟ್ಟರು, ಶಿಷ್ಯ ಮುಸಲ್ಮಾನ. ಇಂದಿಗೂ ಅವರ ಗದ್ದುಗೆಗೆ ಎರಡೂ ಕಡೆಯವರು ಹೋಗುತ್ತಾರೆ.

ಸಬರ್ ಎಂದರೆ ಕೈಕಟ್ಟಿ ಕೂರುವುದು ಎಂದು ತಿಳಿದವರಿಗೆ ಹಿಜರಿ 18ರ ಮದೀನಾದ ಬರ ಉತ್ತರ ಕೊಡುತ್ತದೆ. ಜನರ ಕಷ್ಟ ತೀರುವ ತನಕ ಖಲೀಫ ಉಮರ್ ತುಪ್ಪ ಮುಟ್ಟಲಿಲ್ಲ. ಹಸಿದು ಕದ್ದವನ ಕೈ ಕತ್ತರಿಸುವ ಶಿಕ್ಷೆಯನ್ನು ತಡೆಹಿಡಿದರು. ಸಿರಿಯಾದಿಂದ ಧಾನ್ಯ ತರಿಸಿದರು. ಮಳೆಗಾಗಿ ದುವಾ ಕೂಡ ಮಾಡಿದರು.

ನಮ್ಮಲ್ಲೂ ಮಳೆ ಹೋದರೆ ಬಯಲಿನಲ್ಲಿ ಇಸ್ತಿಸ್ಕಾ ನಮಾಜು ನಡೆಯುತ್ತದೆ. ಹೊದ್ದ ಚಾದರವನ್ನು ತಿರುವಿ ಹೊದೆಯುತ್ತಾರೆ. ಅತ್ತ ಓಣಿಯಲ್ಲಿ ಹುಡುಗರು ಹಂಚಿನ ಮೇಲೆ ಮಣ್ಣಿನ ಗುರ್ಜಿ ಹೊತ್ತು ಮನೆಮನೆಗೆ ಬರುತ್ತಾರೆ. ತಾಯಂದಿರು ಅದರ ಮೇಲೆ ನೀರು ಸುರಿದು, ಜೋಳವನ್ನೋ ಹಿಟ್ಟನ್ನೋ ಕೊಡುತ್ತಾರೆ. ಕೂಡಿಸಿದ್ದನ್ನು ಅಡುಗೆ ಮಾಡಿ ಎಲ್ಲರೂ ಕೂತು ಉಣ್ಣುತ್ತಾರೆ.