ದೇಶಕಾಲಗಳ ಐಕ್ಯವೂ ದೇವರ ನಿತ್ಯತ್ವವೂ

1908ರ ಸೆಪ್ಟೆಂಬರ್ 21ರಂದು ಜರ್ಮನಿಯ ಕೊಲೋನ್ ನಗರದಲ್ಲಿ ನೆರೆದಿದ್ದ ವಿಜ್ಞಾನಿಗಳ ಮುಂದೆ ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿಯವರು ದೇಶ ಮತ್ತು ಕಾಲವನ್ನು ಕುರಿತು ಉಪನ್ಯಾಸವಿತ್ತರು. ಎರಡನ್ನೂ ಬೇರ್ಪಡಿಸಿ ಕಾಣುವ ದಿನಗಳು ಮುಗಿದವೆಂಬುದು ಅವರ ಮಾತಿನ ತಿರುಳು. ಜ್ಯೂರಿಕ್‌ನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಐನ್‌ಸ್ಟೈನರು 1905ರಲ್ಲಿ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನು ಮಂಡಿಸಿದ್ದರು. ಗುರುವು ಅದಕ್ಕೆ ರೇಖಾಗಣಿತದ ರೂಪ ಕೊಟ್ಟರು. ಶಿಷ್ಯರು ಮೊದಲು ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಆದರೂ 1915ರ ಸಾಮಾನ್ಯ ಸಾಪೇಕ್ಷತೆ ಇದೇ ತಳಹದಿಯ ಮೇಲೆ ನಿಂತಿತು. ಅದನ್ನು ಕಾಣಲು ಮಿಂಕೋವ್‌ಸ್ಕಿಯವರು ಬದುಕಿರಲಿಲ್ಲ.

ಪರಸ್ಪರ ಚಲಿಸುತ್ತಿರುವ ಇಬ್ಬರು ವೀಕ್ಷಕರು ಎರಡು ಘಟನೆಗಳ ನಡುವಿನ ದೂರವನ್ನೂ ಅವಧಿಯನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಒಬ್ಬನಿಗೆ ಏಕಕಾಲದ್ದೆನಿಸಿದ್ದು ಇನ್ನೊಬ್ಬನಿಗೆ ಹಾಗಿಲ್ಲ. ದೂರ, ಅವಧಿಗಳೆರಡೂ ಕೂಡಿದ ದೇಶಕಾಲಾಂತರ ಮಾತ್ರ ಇಬ್ಬರಿಗೂ ಒಂದೇ.

ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಇಲ್ಲೊಂದು ಪ್ರಲೋಭನೆಯಿದೆ. ಭೂತ, ಭವಿಷ್ಯಗಳು ಭೂಪಟದ ಊರುಗಳಂತೆ ಒಟ್ಟಿಗೆ ಹರಡಿಕೊಂಡಿದ್ದರೆ, ದೇವರಿಗೆ ಸಕಲವೂ ಏಕಕಾಲಕ್ಕೆ ಗೋಚರವೆಂದ ಬೊಯೆಥಿಯುಸರ ಮಾತನ್ನು ಭೌತಶಾಸ್ತ್ರ ಸಾಧಿಸಿತಲ್ಲವೇ? ಹಾಗೆಂದು ಬೋಧಿಸುವ ಗುರುಗಳು, ನಾಳೆ ಈಗಾಗಲೇ ಇದ್ದರೆ ಪಶ್ಚಾತ್ತಾಪಕ್ಕೂ ಬೇಡಿಕೆಯ ಪ್ರಾರ್ಥನೆಗೂ ಎಡೆಯೆಲ್ಲಿ ಎಂಬ ಭಕ್ತರ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಈ ಹೋಲಿಕೆ ಸಲ್ಲದೆಂದು ನಾವು ಭಾವಿಸುತ್ತೇವೆ. ಮಿಂಕೋವ್‌ಸ್ಕಿಯವರ ಗಣಿತದಲ್ಲಿ ಕಾಲವು ದೇಶದ ನಾಲ್ಕನೆಯ ದಿಕ್ಕಾಗಿ ಕರಗಿಹೋಗುವುದಿಲ್ಲ. ಅದರ ಚಿಹ್ನೆ ದೇಶದ ಚಿಹ್ನೆಗೆ ವಿರುದ್ಧವಾದದ್ದು. ಆದ್ದರಿಂದಲೇ ಕಾರಣವು ಕಾರ್ಯಕ್ಕೆ ಮುಂಚಿನದೆಂಬ ಕ್ರಮ ಎಲ್ಲ ವೀಕ್ಷಕರಿಗೂ ಸಮಾನ. ಬೆಳಕೂ ಬೆಸೆಯಲಾಗದಷ್ಟು ದೂರವಿರುವ ಘಟನೆಗಳಲ್ಲಿ ಮಾತ್ರ ಹಿಂದುಮುಂದಿನ ಎಣಿಕೆ ಬದಲಾದೀತು. ಭವಿಷ್ಯ ಈಗಾಗಲೇ ಇದೆಯೇ ಎಂಬುದಕ್ಕೆ ಇದು ಪೂರ್ಣ ಉತ್ತರವಲ್ಲ, ನಿಜ. ಆದರೆ ಆ ಪ್ರಶ್ನೆ ಸಮೀಕರಣಗಳದ್ದಲ್ಲ, ಅವುಗಳನ್ನು ಅರ್ಥೈಸುವ ತತ್ತ್ವಶಾಸ್ತ್ರದ್ದು. ಮೇಲಾಗಿ ಭೂಪಟವೂ ಸೃಷ್ಟಿಯೇ. ಕಾಲವು ಲೋಕದೊಡನೆಯೇ ಸೃಷ್ಟಿಯಾಯಿತೆಂದು ಸಂತ ಅಗಸ್ತೀನರು ಬೋಧಿಸಿದರು. ದೇಶಕಾಲವೆಂಬ ಹೆಣಿಗೆಗೂ ಅದು ಅಷ್ಟೇ ಸಲ್ಲುತ್ತದೆ. ದೇವರ ನಿತ್ಯತ್ವ ಆ ಹೆಣಿಗೆಯ ಒಂದು ಗುಣವಲ್ಲ.

ಬೆಲ್ಜಿಯಮಿನ ಗುರು ಜಾರ್ಜ್ ಲಮೇತ್ರ್ ಈ ಗೆರೆಯನ್ನು ಚೆನ್ನಾಗಿ ಅರಿತಿದ್ದರು. ವಿಶ್ವದ ಆರಂಭದಲ್ಲಿ ದೇಶ, ಕಾಲ ಎಂಬ ಮಾತುಗಳಿಗೇ ಅರ್ಥವಿರಲಿಕ್ಕಿಲ್ಲವೆಂದು 1931ರಲ್ಲಿ ಸೂಚಿಸಿದವರು ಅವರೇ. ಆದರೂ 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಆರಂಭವನ್ನು ಆದಿಕಾಂಡದ ಬೆಳಕಿನೊಡನೆ ಜೋಡಿಸಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಮರುವರ್ಷ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದ ಪೋಪರು ಆ ಜೋಡಣೆಯನ್ನು ಮತ್ತೆ ಎತ್ತಲಿಲ್ಲ.