ಬೆಂಕಿ ಏರಿಸಿತು, ಕಟ್ಟಿಗೆ ಇಳಿಸಿತು

ಅಪ್ಪ ಲೋಂಡಾದ ಟಿಂಬರ್ ಡಿಪೋದಲ್ಲಿ ಕಾರಕೂನರಾಗಿದ್ದರು. ಸಾಲಾಗಿ ಒಟ್ಟಿದ ಸಾಗವಾನಿ, ಮತ್ತಿ, ನಂದಿಯ ದಿಮ್ಮಿಗಳ ನಡುವೆ ನಾನು ಬೆಳೆದೆ. ಗೋವಾದ ಕಡೆ ಇಳಿಯುವ ಗಾಡಿ ಜಂಕ್ಷನ್ನಿನಲ್ಲಿ ಕೂಗು ಹಾಕಿದರೆ ಹೊತ್ತು ಎಷ್ಟಾಯಿತೆಂದು ನಮಗೆ ತಿಳಿಯುತ್ತಿತ್ತು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಮತ್ತಿಯ ಚೂರೊಂದರಿಂದ ವಿಮಾನ ಕೆತ್ತಿ ಎಸೆದೆ. ಅದು ಕಲ್ಲಿನಂತೆ ಬಿತ್ತು. ಅಪ್ಪ ನಗಲಿಲ್ಲ. ಸಾವರಿಯ ಒಂದು ತುಂಡು ಕೈಗಿಟ್ಟು, "ತಮ್ಮಾ, ಮೊದಲ ಕಟ್ಟಗಿ ತೂಕ ನೋಡು, ಆಮ್ಯಾಲ ಗರಗಸ ಹಿಡಿ" ಅಂದರು.

ಸಾವರಿ ಅಂದರೆ ಬೂರುಗ. ಚಳಿಗಾಲದ ಕೊನೆಗೆ ಎಲೆಯೆಲ್ಲ ಉದುರಿಸಿ, ಮೈತುಂಬ ಕೆಂಪು ಹೂ ಬಿಡುವ ಮರ. ನಮ್ಮ ಸುತ್ತಲಿನ ಕಾಡಿನಲ್ಲಿ ಅದು ಬೇಕಾದಷ್ಟಿದೆ. ಮಾದರಿ ವಿಮಾನ ಕಟ್ಟುವವರು ಜಗತ್ತಿನಾದ್ಯಂತ ಬಳಸುವ ಬಾಲ್ಸಾ ಈ ಬೂರುಗದ ದೂರದ ನೆಂಟ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ವಿಜ್ಞಾನದ ಮಾಸ್ತರನಾದ ನಂತರ. ಅಂದಿನಿಂದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ: ರಾಕೆಟ್ಟಿನ ಚರಿತ್ರೆ ಬರೆದವರು ಬೆಂಕಿಯ ಕಥೆಯನ್ನು ಮನಸಾರೆ ಬರೆದರು, ಕಟ್ಟಿಗೆಯ ಕಥೆಯನ್ನು ಬರೆಯಲಿಲ್ಲ. ಅದನ್ನು ನಮ್ಮ ನಾಡಿನಿಂದಲೇ ಶುರುಮಾಡಬೇಕು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಕರ್ನಲ್ ಬೇಲಿಯ ಪಡೆಯನ್ನು ಮುರಿಯಿತು. ಬ್ರಿಟಿಷರ ಮದ್ದಿನ ಬಂಡಿಗಳು ಸಿಡಿದದ್ದೇ ಅಂದಿನ ಸೋಲಿಗೆ ದೊಡ್ಡ ಕಾರಣ. ಅವಕ್ಕೆ ಕಿಡಿ ತಗುಲಿಸಿದ್ದು ಮೈಸೂರಿನ ಬಾಣಗಳೇ, ಅಂದರೆ ರಾಕೆಟ್ಟುಗಳೇ, ಎಂದು ಹೇಳುತ್ತ ಬಂದಿದ್ದಾರೆ. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆಯ ತೋಪಿನಲ್ಲಿ, ಮುಂದೆ ವಾಟರ್ಲೂ ಗೆದ್ದ ವೆಲ್ಲೆಸ್ಲಿಯೇ ಬಾಣ ಮತ್ತು ಬಂದೂಕಿನ ಹೊಡೆತಕ್ಕೆ ದಿಕ್ಕು ತಪ್ಪಿ ಹಿಂದೆ ಸರಿಯಬೇಕಾಯಿತು.

ಈ ಬಾಣಗಳ ಹೆಚ್ಚುಗಾರಿಕೆ ಕಬ್ಬಿಣದ ನಳಿಗೆಯಲ್ಲಿತ್ತು ಎನ್ನುತ್ತಾರೆ. ನಿಜ. ಯುರೋಪಿನಲ್ಲಿ ಕಾಗದದ ನಳಿಗೆ ಬಳಸುತ್ತಿದ್ದ ಕಾಲದಲ್ಲಿ ನಮ್ಮ ಕಮ್ಮಾರರು ಕಬ್ಬಿಣದ ತಗಡನ್ನು ಬಡಿದು ಸುರುಳಿ ಮಾಡಿದರು. ಅದು ಹೆಚ್ಚಿನ ಒತ್ತಡ ತಡೆಯಿತು, ಬಾಣ ಒಂದೆರಡು ಕಿಲೋಮೀಟರ್ ಹೋಯಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಇದನ್ನೆಲ್ಲ ಲೆಕ್ಕ ಸಮೇತ ಬರೆದಿದ್ದಾರೆ. ಆದರೆ ಆ ನಳಿಗೆಗೆ ಕಟ್ಟಿದ್ದ ಬಿದಿರಿನ ಮೇಲೆ ನನ್ನ ಕಣ್ಣು. ಗೇಣುದ್ದದ ನಳಿಗೆಗೆ ಮೂರು ನಾಲ್ಕು ಅಡಿಯ ಬಿದಿರು. ದೀಪಾವಳಿಯ ರಾಕೆಟ್ಟಿನ ಕಡ್ಡಿ ಮುರಿದು ಹಚ್ಚಿದ ಹುಡುಗರಿಗೆ ಇದರ ಬೆಲೆ ಗೊತ್ತು: ಅದು ನೆಲದ ಮೇಲೆ ಹಾವಿನಂತೆ ಸುತ್ತಿ ನಮ್ಮ ಕಡೆಗೇ ಬರುತ್ತದೆ. ಉದ್ದನೆಯ ಬಾಲ ತೂಕವನ್ನು ಹಿಂದಕ್ಕೆ ಹಂಚಿ, ಗಾಳಿಗೆ ಎದುರು ನಿಂತು, ಮೂತಿ ಅತ್ತಿತ್ತ ಹೊರಳದಂತೆ ಹಿಡಿಯುತ್ತದೆ. ನಳಿಗೆ ಬಡಿದವನು ಕಮ್ಮಾರ. ಬಾಣವನ್ನು ನೆಟ್ಟಗೆ ಹೋಗಿಸಿದ್ದು ಕಾಡಿನ ಬಿದಿರು.

ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ನಳಿಗೆಗಳು ಸಿಕ್ಕವು. ಕಬ್ಬಿಣ ತುಕ್ಕು ಹಿಡಿದೂ ಇನ್ನೂರು ವರ್ಷ ಬಾಳಿತು. ಬಿದಿರಿಗೆ ಆ ಭಾಗ್ಯ ಎಲ್ಲಿಯದು? ಮಣ್ಣಿನಲ್ಲಿ ಉಳಿಯದ್ದು ನಮ್ಮ ಮಾತಿನಲ್ಲಿಯೂ ಉಳಿಯಲಿಲ್ಲ.

ಮೈಸೂರಿನಿಂದ ಒಯ್ದ ನಳಿಗೆಗಳನ್ನು ನೋಡಿ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ಅವನಿಗೂ ಉದ್ದನೆಯ ಕೋಲು ಬೇಕಾಯಿತು. 1844ರಲ್ಲಿ ವಿಲಿಯಂ ಹೇಲ್ ರಾಕೆಟ್ಟನ್ನೇ ಗಿರಗಿರನೆ ತಿರುಗುವಂತೆ ಮಾಡಿ ಕೋಲಿನ ಹಂಗು ಹರಿದ. ಅಲ್ಲಿಗೆ ಕಟ್ಟಿಗೆಯ ಪಾಳಿ ಮುಗಿಯಿತು ಅಂದುಕೊಳ್ಳಬಹುದಿತ್ತು. ಆದರೆ ಅದು ರೆಕ್ಕೆಯಾಗಿ ಮರಳಿ ಬಂತು. 1928ರ ಜೂನ್ 11ರಂದು ಜರ್ಮನಿಯ ವಾಸರ್‌ಕುಪ್ಪೆ ಗುಡ್ಡದಲ್ಲಿ ಫ್ರಿಟ್ಜ್ ಸ್ಟಾಮರ್ ಮದ್ದಿನ ರಾಕೆಟ್ ಕಟ್ಟಿದ ಗ್ಲೈಡರಿನಲ್ಲಿ ಕೂತು ಸುಮಾರು ಒಂದೂವರೆ ಕಿಲೋಮೀಟರ್ ಹಾರಿದ. ರಾಕೆಟ್ಟಿನ ಬಲದಲ್ಲಿ ಮನುಷ್ಯನನ್ನು ಹೊತ್ತ ಮೊದಲ ವಿಮಾನ ಹೀಗೆ ಒಂದು ಗ್ಲೈಡರ್.

ಮಕ್ಕಳ ಕೈಗೆ ಈ ವಿದ್ಯೆ ಬಂದದ್ದು ಅಮೆರಿಕದಲ್ಲಿ. ನೆಬ್ರಾಸ್ಕಾದ ಚಪ್ಪಲಿ ಅಂಗಡಿಯ ಆರ್ವಿಲ್ ಕಾರ್ಲೈಲ್ 1954ರಲ್ಲಿ, ಒಮ್ಮೆ ಉರಿಸಿ ಬಿಸಾಡುವ ಪುಟ್ಟ ಮೋಟರಿನ ಮಾದರಿ ರಾಕೆಟ್ ಮಾಡಿದ. 1960ರ ದಶಕದಲ್ಲಿ ಅದಕ್ಕೆ ಬಾಲ್ಸಾದ ರೆಕ್ಕೆ ಬಂತು. ಏರುವಾಗ ರಾಕೆಟ್, ಇಳಿಯುವಾಗ ಗ್ಲೈಡರ್.

ಅದನ್ನು ನಾನು ಕಣ್ಣಾರೆ ಕಂಡದ್ದು 2014ರಲ್ಲಿ, ಟೆಕ್ಸಾಸಿನಲ್ಲಿರುವ ಅಣ್ಣನ ಮಗನ ಮನೆಗೆ ಹೋದಾಗ. ಬಯಲಿನಲ್ಲಿ ಕಂಬಿ ನೆಟ್ಟು ಗ್ಲೈಡರನ್ನು ಅದಕ್ಕೆ ಪೋಣಿಸಿದ. ಅದರ ಮೂತಿಯ ಮೇಲೆ ಕಾಗದದ ಕೊಳವೆ, ಕೊಳವೆಯಲ್ಲಿ ಹೆಬ್ಬೆರಳಿನಷ್ಟು ಮೋಟರ್. "ಕಾಕಾ, ಗುಂಡಿ ನೀವ ಒತ್ತ್ರಿ" ಅಂದ. ಒತ್ತಿದೆ. ಬುಸ್ಸೆಂದು ಹೋದದ್ದನ್ನು ಕಣ್ಣು ಹಿಂಬಾಲಿಸುವ ಮೊದಲೇ ಬೆಂಕಿ ಮುಗಿದಿತ್ತು. ಮೂರು ಸೆಕೆಂಡು ಮೌನ. ಮೇಲೆ ಚಿಕ್ಕದೊಂದು ಟಪ್ ಶಬ್ದ. ಕೊಳವೆ ಕಳಚಿ, ಬಣ್ಣದ ಪಟ್ಟಿ ಬಿಚ್ಚಿಕೊಂಡು ಕೆಳಗಿಳಿಯಿತು. ಮೂತಿಯ ಭಾರ ಹೋದೊಡನೆ ಗ್ಲೈಡರಿನ ತೂಕ ಹಿಂದಕ್ಕೆ ಸರಿದು, ಅದು ಅಡ್ಡವಾಗಿ ಮಲಗಿ, ಹದ್ದಿನಂತೆ ಸುತ್ತು ಹಾಕತೊಡಗಿತು. ಇಡೀ ಕುಶಲತೆ ಆ ಒಂದು ಕಳಚುವಿಕೆಯಲ್ಲಿದೆ. ಏರುವಾಗ ಭಾರ ಮುಂದಿರಬೇಕು, ತೇಲುವಾಗ ಹಿಂದೆ ಬರಬೇಕು.

ಲೋಂಡಾಕ್ಕೆ ಮರಳಿದ ಮೇಲೆ ನಾನು ಮೋಟರಿನ ಗೋಜಿಗೆ ಹೋಗಲಿಲ್ಲ. ಮನೆಯಲ್ಲಿ ಮದ್ದು ಕಲಸುವುದು ಕೈ, ಕಣ್ಣು ಕಳೆದುಕೊಳ್ಳುವ ದಾರಿ, ಕಾನೂನಿಗೂ ವಿರುದ್ಧ. ಬೆಂಕಿಯ ಬದಲು ಸೈಕಲ್ ಟ್ಯೂಬಿನ ಪಟ್ಟಿಯ ಕವಣೆ ಹಿಡಿದೆ. ಉಳಿದದ್ದೆಲ್ಲ ಅದೇ ಗ್ಲೈಡರ್.

ಕಟ್ಟುವುದು ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. ನಮ್ಮ ಮಳೆಗಾಲದಲ್ಲಿ ಬಾಲ್ಸಾ ನೀರು ಕುಡಿದು ಸೊಟ್ಟಗಾಗುತ್ತದೆ. ಮೂರಡಿ ಉದ್ದ, ನಾಲ್ಕಿಂಚು ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಹಲಗೆ 22 ಗ್ರಾಂ ಆಸುಪಾಸು ತೂಗುತ್ತದೆ. ಅದೇ ಅಳತೆಯ ಸಾವರಿ ಅದರ ಎರಡು ಪಟ್ಟು. ಹಾಗಾಗಿ ರೆಕ್ಕೆಗೆ ಬಾಲ್ಸಾ, ಮೂತಿಗೆ ಸಾವರಿ, ನಡುಗೋಲಿಗೆ ಮೇದಾರರಿಂದ ತಂದ ಬಿದಿರಿನ ಸೀಳು. ಪಾಲಿಶ್ ಪೇಪರಿನಿಂದ ರೆಕ್ಕೆಯ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಉಜ್ಜಬೇಕು. ಎರಡೂ ತುದಿ ಚೂರು ಮೇಲೆದ್ದಿರುವಂತೆ ಅಂಟಿಸಬೇಕು. ಗಾಳಿಗೆ ಒಂದು ಕಡೆ ವಾಲಿದರೂ ತಾನೇ ಸರಿಹೋಗುತ್ತದೆ. ಆಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ತೂಗಿ ನೋಡುವುದು. ಕೈಯಿಂದ ಮೆಲ್ಲಗೆ ಬಿಟ್ಟಾಗ ಮೂತಿ ಎತ್ತಿ, ನಿಂತು, ಕುಸಿದರೆ ಮೂತಿಗೆ ಸಾಸಿವೆಯಷ್ಟು ಮೇಣ. ನೆಲಕ್ಕೆ ಮುಗ್ಗರಿಸಿದರೆ ಆ ಮೇಣ ವಾಪಸ್ಸು. ಭತ್ತ ಕೊಯ್ದ ಗದ್ದೆಯಲ್ಲಿ, ಗಾಳಿ ಏಳುವ ಮೊದಲು, ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು ಮಕ್ಕಳೊಂದಿಗೆ ಈ ಕೆಲಸ ಮಾಡಿದ ಬೆಳಗುಗಳಿಗಿಂತ ಒಳ್ಳೆಯ ಪಾಠವನ್ನು ನಾನು ತರಗತಿಯಲ್ಲಿ ಮಾಡಿಲ್ಲ.

2016ರ ಮೇ 23ರಂದು ಶ್ರೀಹರಿಕೋಟಾದಿಂದ ಇಸ್ರೊ ಆರೂವರೆ ಮೀಟರ್ ಉದ್ದದ, ರೆಕ್ಕೆಯುಳ್ಳ ವಾಹನವೊಂದನ್ನು ಘನ ಇಂಧನದ ರಾಕೆಟ್ಟಿನ ತಲೆಯ ಮೇಲೆ ಕೂರಿಸಿ ಹಾರಿಸಿತು. ರಾಕೆಟ್ ಉರಿದು ಕಳಚಿತು. ವಾಹನ 65 ಕಿಲೋಮೀಟರ್ ಎತ್ತರ ಮುಟ್ಟಿ, ತೇಲುತ್ತ ಬಂಗಾಳ ಕೊಲ್ಲಿಗೆ ಇಳಿಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಅದೇ ಬಗೆಯ ವಾಹನವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಯಲಿನಲ್ಲಿ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ಟೀವಿಯಲ್ಲಿ ನೋಡುತ್ತ ನನ್ನ ಕಣ್ಣು ತುಂಬಿ ಬಂತು. ಕಳಚುವುದು, ತೇಲುವುದು, ಇಳಿಯುವುದು: ನನ್ನ ಗದ್ದೆಯ ಮಕ್ಕಳಿಗೆ ಇದರ ಪ್ರತಿ ಹೆಜ್ಜೆಯೂ ಅರ್ಥವಾಗಿತ್ತು. ಬಿದಿರಿನ ಬಾಲ ಕಟ್ಟಿದ ನಾಡಿನಲ್ಲೇ ರೆಕ್ಕೆಯ ರಾಕೆಟ್ ಇಳಿಯುವುದನ್ನು ಕಲಿಯಿತು.

ನಗರದ ಆ ನಳಿಗೆಗಳನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮಾಸ್ತರರಲ್ಲಿ ನನ್ನದೊಂದು ಬಿನ್ನಹ. ಹೊರಡುವ ಮೊದಲು ನಿಮ್ಮೂರಿನ ಮೇದಾರರ ಮನೆಯಿಂದ ನಾಲ್ಕಡಿಯ ಬಿದಿರೊಂದನ್ನು ತಂದು ಮಕ್ಕಳ ಕೈಯಲ್ಲಿ ಹಿಡಿಸಿ, ತೂಗಿ ನೋಡಲು ಹೇಳಿ. ನಳಿಗೆಯನ್ನು ಆಮೇಲೆ ತೋರಿಸಿ.